ಇಂಗ್ಲಿಷ್ ಕಲಿಯಲು ಯಾವ ನಿಘಂಟು ಒಳ್ಳೆಯದು?

ಅರ್ಥ ಬೇಗ ತಿಳಿಯಬೇಕಾ? ಇಂಗ್ಲಿಷ್–ಕನ್ನಡ ನಿಘಂಟೇ ಸಾಕು. ಪೇಪರ್ ಓದುವಾಗ ಅಡ್ಡ ಬರುವ ಪದಕ್ಕೆ ಅದಕ್ಕಿಂತ ಸಲೀಸಾದ ದಾರಿ ಇಲ್ಲ.

ಆದರೆ ಮಾತಾಡಲು, ಬರೆಯಲು ಅರ್ಥವೊಂದೇ ಸಾಲದು ಅಲ್ವಾ? ಆಗ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸುಲಭ ಪದಗಳಲ್ಲೇ ಅರ್ಥ ವಿವರಿಸುತ್ತದೆ. ಅದರಲ್ಲಿ ‘ಅಡ್ವೈಸ್’ ತೆಗೆದು ನೋಡಿ. ಎಣಿಸಲಾಗದ ನಾಮಪದ ಎಂಬ ಗುರುತು ಪಕ್ಕದಲ್ಲೇ ಇರುತ್ತದೆ. ಅಂದರೆ ‘ಅಡ್ವೈಸಸ್’ ತಪ್ಪು, ‘ಎ ಪೀಸ್ ಆಫ್ ಅಡ್ವೈಸ್’ ಸರಿ. ಆನ್‌ಲೈನ್‌ನಲ್ಲಾದರೆ ಬ್ರಿಟಿಷ್, ಅಮೆರಿಕನ್ ಉಚ್ಚಾರಣೆ ಎರಡನ್ನೂ ಕೇಳಬಹುದು. ‘ಫೋಟೋಗ್ರಾಫ್’ಗೆ ಒತ್ತು ಮೊದಲಲ್ಲಿ, ‘ಫೋಟಾಗ್ರಫರ್’ಗೆ ಎರಡನೇ ಭಾಗದಲ್ಲಿ. ಇದು ಕಿವಿಗೆ ಬಿದ್ದರೇನೇ ಗೊತ್ತಾಗೋದು.

ಶುರುವಿನಲ್ಲಿ ಎರಡೂ ಜೊತೆಗಿರಲಿ. ಒಂದನ್ನೇ ಕೊಳ್ಳುವುದಾದರೆ, ಹೈಸ್ಕೂಲು ದಾಟಿದವರಿಗೆ ನಾನು ಹೇಳೋದು ಎರಡನೆಯದನ್ನೇ.