‘ವ್ಯೂ’ ಮತ್ತು ‘ಎಂಟ್ರಿ’: ಟರ್ಕಿ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಟರ್ಕಿ ಪ್ರವಾಸಕ್ಕೆ ಹೊರಡುವ ಆಲೋಚನೆಯಲ್ಲಿರುವ ಕೆಲವರು ನನ್ನನ್ನು ವಿಚಾರಿಸುತ್ತಿರುವುದರಿಂದ, ಕಳೆದ ಅಕ್ಟೋಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಇಪ್ಪತ್ತಾರು ಜನರ ತಂಡದೊಂದಿಗೆ ಹೋಗಿಬಂದ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಆ ದೇಶದ ಬಗ್ಗೆ, ಅಲ್ಲಿಯ ಜನರ ಬಗ್ಗೆ ನನಗೆ ಯಾವ ದೂರೂ ಇಲ್ಲ. ನಾವು ಮೋಸಹೋದದ್ದು ಊರಿನಲ್ಲಿ ಕುಳಿತು ಸಹಿ ಹಾಕಿದ ಎರಡು ಪುಟದ ಕಾಗದದಲ್ಲಿ. ಅದನ್ನು ಕನ್ನಡಕ ಹಾಕಿಕೊಂಡು ಓದದೇ ಇದ್ದದ್ದು ನನ್ನ ತಪ್ಪು.

ನಾವು ಮುಖ್ಯವಾಗಿ ಹೊರಟಿದ್ದು ಪಾಮುಕ್ಕಲೆಗಾಗಿ. ಟರ್ಕಿ ಭಾಷೆಯಲ್ಲಿ ಆ ಹೆಸರಿಗೆ ಹತ್ತಿಯ ಕೋಟೆ ಎಂದು ಅರ್ಥ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವನಿಗೆ, ಅದರಲ್ಲಿಯೂ ಗಿರಣಿಯ ನಿರ್ವಹಣಾ ವಿಭಾಗದಲ್ಲಿ 22 ವರ್ಷ ಕಳೆದವನಿಗೆ, ಆ ಹೆಸರೇ ಸಾಕಾಗಿತ್ತು. ಅಲ್ಲಿಯ ಗುಡ್ಡವೊಂದರಲ್ಲಿ ನೆಲದಡಿಯಿಂದ ಬರುವ ಬಿಸಿನೀರಿನಲ್ಲಿ ಕರಗಿರುವ ಸುಣ್ಣದ ಅಂಶವು, ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತಿದ್ದಂತೆ, ಮೊದಲು ಲೋಳೆಯಂತೆ ಕುಳಿತು ಅನಂತರ ಬಿಳಿಯ ಕಲ್ಲಾಗಿ ಗಟ್ಟಿಯಾಗುತ್ತದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಇಡೀ ಗುಡ್ಡದ ಮೈಮೇಲೆ ಬೋಗುಣಿಗಳನ್ನು ಜೋಡಿಸಿಟ್ಟಂತಹ ಮೆಟ್ಟಿಲುಗಳು ಮೂಡಿವೆ. ಆ ಗುಡ್ಡದ ತಲೆಯ ಮೇಲೆ ಹೈರಾಪೊಲಿಸ್ ಎಂಬ ಪ್ರಾಚೀನ ನಗರದ ಅವಶೇಷಗಳಿವೆ. ಎರಡನ್ನೂ ಸೇರಿಸಿ ಯುನೆಸ್ಕೊ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಇನ್ನೊಂದು ಆಸೆಯೂ ಇತ್ತು. ಹೈರಾಪೊಲಿಸ್‌ನ ಉತ್ತರ ದಿಕ್ಕಿನಲ್ಲಿ ಬಹು ದೂರದವರೆಗೆ ಹಬ್ಬಿರುವ ಸಮಾಧಿ ಭೂಮಿಯಲ್ಲಿ, ಕ್ರಿಸ್ತಶಕ ಮೂರನೆಯ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆ ದೊರೆತಿದೆ. ನೀರಿನ ಚಕ್ರವು ಹಲ್ಲುಚಕ್ರಗಳ ಮೂಲಕ ಎರಡು ಗರಗಸಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಕಲ್ಲನ್ನು ಕೊಯ್ಯುವ ಯಂತ್ರದ ಉಬ್ಬುಚಿತ್ರ ಅದರ ಮೇಲಿದೆ. ಸುತ್ತುವ ಚಲನೆಯನ್ನು ಹಿಂದುಮುಂದಿನ ಚಲನೆಯಾಗಿ ಬದಲಿಸುವ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ಜೋಡಣೆಗೆ ಸಿಕ್ಕಿರುವ ಅತ್ಯಂತ ಹಳೆಯ ಚಿತ್ರ ಅದು. ಕ್ರ್ಯಾಂಕ್‌ಗೆ ಗ್ರೀಸ್ ಹಚ್ಚುತ್ತಲೇ ಅರ್ಧ ಆಯುಷ್ಯ ಕಳೆದವನಿಗೆ ಅದು ಕುಲದೇವರ ದರ್ಶನಕ್ಕಿಂತ ಕಡಿಮೆಯದೇನಲ್ಲ. ಚಿತ್ರದ ಜೆರಾಕ್ಸ್ ಪ್ರತಿಯನ್ನು ಏಜೆನ್ಸಿಯವರ ಮೇಜಿನ ಮೇಲಿಟ್ಟು, ‘ಇದನ್ನು ತೋರಿಸುತ್ತೀರಾ?’ ಎಂದು ಕೇಳಿದ್ದೆ. ‘ಎಲ್ಲಾ ಕವರ್ ಆಗುತ್ತೆ ಸರ್’ ಎಂಬ ಉತ್ತರ ಬಂತು. ತಲಾ 1,85,000 ರೂಪಾಯಿ ಕಟ್ಟಿದೆವು.

ಈಗ ಆ ಕಾಗದದ ವಿಷಯ. ಅದರಲ್ಲಿ ಕೆಲವು ಸ್ಥಳಗಳ ಮುಂದೆ ‘ಎಂಟ್ರಿ’ ಎಂದೂ, ಕೆಲವುಗಳ ಮುಂದೆ ‘ವ್ಯೂ’ ಎಂದೂ ಇತ್ತು. ಎಫೆಸಸ್ ಎಂಬ ಪ್ರಾಚೀನ ನಗರಕ್ಕೆ ಎಂಟ್ರಿ, ಅದರೊಳಗಿನ ಪುರಾತನ ಮನೆಗಳಿಗೆ ವ್ಯೂ. ಪಾಮುಕ್ಕಲೆಗೆ ಎಂಟ್ರಿ, ಹೈರಾಪೊಲಿಸ್‌ಗೆ ವ್ಯೂ. ಲವೊಡಿಸಿಯ ಎಂಬ ಇನ್ನೊಂದು ಪ್ರಾಚೀನ ನಗರಕ್ಕೆ ದಾರಿಯಲ್ಲಿ ವ್ಯೂ. ರಾತ್ರಿಯ ವಸತಿ ಕರಹಯಿತ್ ಎಂಬಲ್ಲಿಯ ಬಿಸಿನೀರಿನ ಕೊಳವಿರುವ ಹೋಟೆಲ್ ‘ಅಥವಾ ಅದೇ ದರ್ಜೆಯದು’. ಎಂಟ್ರಿ ಎಂದರೆ ಟಿಕೆಟ್ ಕೊಂಡು ಒಳಗೆ ಬಿಡುತ್ತಾರೆ, ವ್ಯೂ ಎಂದರೆ ಬಸ್ಸಿನ ಕಿಟಕಿಯಿಂದಲೋ ಗೇಟಿನ ಹೊರಗಿನಿಂದಲೋ ಬೆರಳು ತೋರಿಸುತ್ತಾರೆ ಎಂಬುದು ನಮಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಹೈರಾಪೊಲಿಸ್ ಮತ್ತು ಪಾಮುಕ್ಕಲೆ ಎರಡೂ ಒಂದೇ ಆವರಣದಲ್ಲಿವೆ, ಒಂದೇ ಟಿಕೆಟ್‌ನಲ್ಲಿ ಎರಡನ್ನೂ ನೋಡಬಹುದು. ಹಾಗಿದ್ದ ಮೇಲೆ ಒಂದಕ್ಕೆ ಎಂಟ್ರಿ, ಇನ್ನೊಂದಕ್ಕೆ ವ್ಯೂ ಎಂದು ಬರೆದವರ ಲೆಕ್ಕಾಚಾರ ಹಣದ್ದಲ್ಲ, ಸಮಯದ್ದು.

ಆ ಸಮಯ ಎಲ್ಲಿ ಹೋಯಿತೆಂದರೆ, ಬೆಳಿಗ್ಗೆ ಕುಶಾದಸಿ ಎಂಬ ಕಡಲತೀರದ ಊರಿನಿಂದ ಹೊರಟವರನ್ನು ಒಂಬತ್ತು ಗಂಟೆಗೆ ಚರ್ಮದ ಜಾಕೆಟ್ಟುಗಳ ಮಳಿಗೆಯೊಂದಕ್ಕೆ ಕರೆದೊಯ್ದು, ಚಹಾ ಕೊಟ್ಟು, ಫ್ಯಾಷನ್ ಷೋ ತೋರಿಸಿ ಹತ್ತೂವರೆಯವರೆಗೆ ಕೂರಿಸಿದರು. ದಾವಣಗೆರೆಯ ಬಿಸಿಲಿನಲ್ಲಿ ಚರ್ಮದ ಜಾಕೆಟ್ಟನ್ನು ಯಾರು ಯಾವಾಗ ಹಾಕಿಕೊಳ್ಳಬೇಕೋ ನನಗೆ ತಿಳಿಯದು. ಎಫೆಸಸ್‌ಗೆ ಸಿಕ್ಕಿದ್ದು ಒಂದೂಕಾಲು ಗಂಟೆ. ಅಲ್ಲಿಯ ಇಳಿಜಾರಿನಲ್ಲಿ ಒಂದರ ಮೇಲೊಂದರಂತೆ ಕಟ್ಟಿರುವ ಶ್ರೀಮಂತರ ಮನೆಗಳಲ್ಲಿ ಭಿತ್ತಿಚಿತ್ರಗಳು, ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿದ ನೆಲ, ನೆಲದಡಿಯಲ್ಲಿ ಬಿಸಿಗಾಳಿ ಹಾಯಿಸಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಎಲ್ಲವೂ ಉಳಿದುಬಂದಿವೆ. ಅವುಗಳಿಗೆ ನಾವು ಹೋದಾಗ ಪ್ರತ್ಯೇಕ ಟಿಕೆಟ್ ಇತ್ತು. ನಮ್ಮ ಹಣದಲ್ಲಿಯೇ ಕೊಂಡು ನೋಡಿ ಬರುತ್ತೇವೆಂದು ಐದಾರು ಜನ ಕೇಳಿದರೂ ಗೈಡ್ ಗಡಿಯಾರ ತೋರಿಸಿದ.

ಅಲ್ಲಿಂದ ಡೆನಿಜ್ಲಿ ಮೂರು ಗಂಟೆಯ ಹಾದಿ. ಡೆನಿಜ್ಲಿ ಹತ್ತಿ ಬಟ್ಟೆಗೆ, ವಿಶೇಷವಾಗಿ ಟವೆಲ್‌ಗಳಿಗೆ ಹೆಸರಾದ ಊರು. ಮಗ್ಗಗಳನ್ನು ತೋರಿಸಿದ್ದರೆ ನಾನೇ ಎರಡು ಗಂಟೆ ನಿಲ್ಲುತ್ತಿದ್ದೆ, ಆದರೆ ನಮ್ಮನ್ನು ನಿಲ್ಲಿಸಿದ್ದು ಮಾರಾಟದ ಮಳಿಗೆಯಲ್ಲಿ, ಅದೂ ಸಂಜೆ ಐದರವರೆಗೆ. ಲವೊಡಿಸಿಯ ಬಂದುಹೋದದ್ದು ತಂಡದ ಅರ್ಧ ಜನರಿಗೆ ತಿಳಿಯಲೇ ಇಲ್ಲ, ಅವರು ನಿದ್ರೆಯಲ್ಲಿದ್ದರು. ಅಲ್ಲಿಯ ಕಾಗೆಗಪ್ಪಿನ ಕುರಿಯುಣ್ಣೆಯನ್ನು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಹೊಗಳಿದ್ದಾನೆ. ಚಳ್ಳಕೆರೆಯ ಕರಿಕಂಬಳಿಯನ್ನು ಬಲ್ಲ ನಮಗೆ ಇಳಿದು ನೋಡಲು ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಪಾಮುಕ್ಕಲೆ ತಲುಪಿದಾಗ ಐದೂ ಇಪ್ಪತ್ತು. ಅಕ್ಟೋಬರಿನಲ್ಲಿ ಅಲ್ಲಿ ಆರೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ದಕ್ಷಿಣದ ಗೇಟಿನಲ್ಲಿ ಇಳಿಸಿ ಐವತ್ತು ನಿಮಿಷ ಕೊಟ್ಟರು. ನನ್ನ ಕಲ್ಲು ದೊರೆತ ಸಮಾಧಿ ಭೂಮಿ ಇರುವುದು ಉತ್ತರದ ಗೇಟಿನ ಬಳಿ. ನಡೆದು ಹೋಗಿಬಂದರೆ ಬಸ್ಸು ಇರುವುದಿಲ್ಲ ಎಂದರು. ಏಳು ಸುತ್ತಿನ ಕೋಟೆ ನೋಡಬಂದ ನೆಂಟರಿಗೆ ಹೊರಬಾಗಿಲಲ್ಲಿ ಫೋಟೋ ತೆಗೆಸಿ ಚಿತ್ರದುರ್ಗ ಮುಗಿಯಿತೆಂದು ಹೇಳಿದಂತಾಯಿತು.

ಬಿಳಿಯ ಮೆಟ್ಟಿಲುಗಳ ವಿಷಯದಲ್ಲಿಯೂ ಕೆಲವು ಸಂಗತಿಗಳನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಹಿಂದೆ ಗುಡ್ಡದ ಮೇಲಿದ್ದ ಹೋಟೆಲುಗಳು ನೀರನ್ನು ತಮ್ಮ ಕೊಳಗಳಿಗೆ ತಿರುಗಿಸಿಕೊಂಡು ಕಲ್ಲಿನ ಬಿಳುಪನ್ನು ಕೆಡಿಸಿದ್ದರಿಂದ ಅವುಗಳನ್ನು ಕೆಡವಿಹಾಕಲಾಯಿತು. ಈಗ ನೀರನ್ನು ಸರದಿಯ ಪ್ರಕಾರ ಬೇರೆ ಬೇರೆ ಭಾಗಗಳಿಗೆ ಬಿಡುತ್ತಾರೆ. ಆದ್ದರಿಂದ ಜಾಹೀರಾತಿನಲ್ಲಿ ಕಾಣುವ ತುಂಬಿದ ನೀಲಿ ಬೋಗುಣಿಗಳಲ್ಲಿ ಬಹುಪಾಲು ಒಣಗಿರುತ್ತವೆ, ಇದು ಯಾರ ಮೋಸವೂ ಅಲ್ಲ. ಕಲ್ಲಿನ ಮೇಲೆ ಚಪ್ಪಲಿ, ಬೂಟು ನಿಷಿದ್ಧ. ಒಣಗಿದ ಕಡೆ ಅಂಗಾಲಿಗೆ ಚುಚ್ಚುತ್ತದೆ, ನೀರು ಹರಿಯುವ ಕಡೆ ಜಾರುತ್ತದೆ. ಗೈಡ್ ಅವಸರಪಡಿಸುತ್ತಿದ್ದಾಗ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೂಟು ಹಿಡಿದಿದ್ದ ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ಜಾರಿಬಿದ್ದು ಮಣಿಕಟ್ಟು ಊದಿಕೊಂಡಿತು. ಔಷಧಿ ಅಂಗಡಿಯ ಸ್ಪ್ರೇ ಹೊಡೆದು ಬಸ್ಸು ಹತ್ತಿಸಿದರು. ಊರಿಗೆ ಬಂದ ಮೇಲೆ, ಅಲ್ಲಿಯ ವೈದ್ಯರ ಚೀಟಿ ಇಲ್ಲವೆಂಬ ಕಾರಣಕ್ಕೆ ಅವರ ವಿಮೆಯ ಅರ್ಜಿ ತಿರಸ್ಕೃತವಾಯಿತು. ಬಸ್ಸು ಕಾಯಲಿ ಬಿಡಲಿ, ಮೊದಲು ಆಸ್ಪತ್ರೆಗೆ ಹೋಗಿ ಕಾಗದ ಮಾಡಿಸಿಕೊಳ್ಳಿ.

ರಾತ್ರಿಯ ಬಿಸಿನೀರಿನ ಹೋಟೆಲ್ ‘ಅದೇ ದರ್ಜೆಯ’ ಡೆನಿಜ್ಲಿ ಪೇಟೆಯ ಹೋಟೆಲ್ ಆಗಿ ಬದಲಾಗಿತ್ತು. ಬಿಸಿನೀರು ಬಂದದ್ದು ಸ್ನಾನದ ಕೋಣೆಯ ನಲ್ಲಿಯಲ್ಲಿ.

ಹಣ ಕಟ್ಟುವ ಮುನ್ನ ಪಟ್ಟಿಯ ಪ್ರತಿಯೊಂದು ಸ್ಥಳದ ಮುಂದೆಯೂ ಎಷ್ಟು ಗಂಟೆ, ಯಾವ ಗೇಟು, ಟಿಕೆಟ್ ಯಾರದ್ದು ಎಂಬುದನ್ನು ಬರೆಸಿಕೊಳ್ಳಿ. ಮಳಿಗೆಗಳ ಭೇಟಿ ಎಷ್ಟು, ಎಷ್ಟು ಹೊತ್ತು ಎಂಬುದನ್ನೂ ಅದೇ ಕಾಗದಕ್ಕೆ ಸೇರಿಸಲು ಹೇಳಿ. ಬಾಯಿಮಾತಿನ ‘ಕವರ್ ಆಗುತ್ತೆ’ ಅಲ್ಲಿಯ ಗೈಡ್‌ಗೆ ತಲುಪುವುದಿಲ್ಲ, ಏಕೆಂದರೆ ಊರಿನ ಏಜೆನ್ಸಿ ನಮ್ಮನ್ನು ಮುಂಬೈಯ ಮತ್ತೊಬ್ಬರಿಗೆ, ಅವರು ಅಲ್ಲಿಯವರಿಗೆ ಒಪ್ಪಿಸಿದ್ದರು. ಸಾಧ್ಯವಾದರೆ ಗುಡ್ಡದ ಬುಡದ ಪಾಮುಕ್ಕಲೆ ಹಳ್ಳಿಯಲ್ಲಿಯೇ ಒಂದು ರಾತ್ರಿ ಉಳಿದು, ಬೆಳಿಗ್ಗೆ ಉತ್ತರದ ಗೇಟಿನಿಂದ ಒಳಹೋಗಿ, ಅವಶೇಷಗಳನ್ನೆಲ್ಲ ನೋಡುತ್ತ ಬಂದು ಕೊನೆಗೆ ಬಿಳಿಯ ಕಲ್ಲಿನ ಮೇಲೆ ಇಳಿಯುವುದು ಒಳ್ಳೆಯದು. ಬೂಟು ಇಟ್ಟುಕೊಳ್ಳಲು ಬೆನ್ನಿಗೆ ಹಾಕುವ ಚೀಲವಿರಲಿ, ಎರಡೂ ಕೈ ಖಾಲಿಯಿರಲಿ.

ಹಿಂದಿರುಗಿದ ಮೇಲೆ ಹನ್ನೊಂದು ಜನ ಸಹಿ ಮಾಡಿ ಏಜೆನ್ಸಿಗೆ ದೂರು ಕೊಟ್ಟೆವು. ಅವರು ನಮ್ಮ ಸಹಿಯಿದ್ದ ಪಟ್ಟಿಯನ್ನೇ ತೆಗೆದು ‘ವ್ಯೂ’ ಎಂಬ ಪದದ ಕೆಳಗೆ ಗೆರೆ ಎಳೆದು ತೋರಿಸಿದರು, ಮತ್ತು ಮುಂದಿನ ಪ್ರವಾಸಕ್ಕೆ ತಲಾ 5,000 ರೂಪಾಯಿ ರಿಯಾಯಿತಿಯ ಚೀಟಿ ಕೊಟ್ಟರು. ಅದನ್ನು ಈವರೆಗೆ ಯಾರೂ ಬಳಸಿಲ್ಲ.