ಮಿಡ್‌ಫೀಲ್ಡ್ ಆಟವನ್ನು ಮನಸ್ಸಿಟ್ಟು ಕಲಿಸುವ ಕಲಬುರಗಿಯ ಒಂದು ಫುಟ್‌ಬಾಲ್ ತರಬೇತಿ ಕೇಂದ್ರ

ಕಲಬುರಗಿಯಲ್ಲಿ ಕ್ರಿಕೆಟ್ ಕಲಿಸುವವರಿಗೆ ಕೊರತೆಯಿಲ್ಲ. ಫುಟ್‌ಬಾಲನ್ನು ಕ್ರಮವಾಗಿ ಕಲಿಸುವವರು ಬಹಳ ಕಡಿಮೆ. ಅದರಲ್ಲಿಯೂ ಮಿಡ್‌ಫೀಲ್ಡ್ ಆಟಕ್ಕೆ, ಅಂದರೆ ಮೈದಾನದ ನಡುಭಾಗದಲ್ಲಿ ಆಡುವ ಆಟಕ್ಕೆ, ತನ್ನದೇ ಆದ ಅಭ್ಯಾಸ ಬೇಕೆಂದು ತಿಳಿದು, ವಾರದ ಕೆಲವು ದಿನಗಳನ್ನು ಅದಕ್ಕೆಂದೇ ಮೀಸಲಿಟ್ಟಿರುವುದನ್ನು ನಾನು ನೋಡಿದ್ದು ಸೇಡಂ ರಸ್ತೆಯ ಕಡೆ ಒಂದು ಕಾಲೇಜು ಮೈದಾನದಲ್ಲಿ ನಡೆಯುವ ಈ ತರಬೇತಿ ಕೇಂದ್ರದಲ್ಲಿ ಮಾತ್ರ. ನನ್ನ ಮಗ ಕಳೆದ ಬೇಸಿಗೆಯಿಂದ ಅಲ್ಲಿಗೆ ಹೋಗುತ್ತಿದ್ದಾನೆ. ಮಕ್ಕಳನ್ನು ಸೇರಿಸಬೇಕೆಂದಿರುವ ಪಾಲಕರಿಗೆ ಉಪಯೋಗವಾಗಲಿ ಎಂದು ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಲಿಸುವ ರೀತಿಯನ್ನೇ ಹೇಳಬೇಕು, ಏಕೆಂದರೆ ಈ ಕೇಂದ್ರದ ನಿಜವಾದ ಬಲ ಅದು. ಬೇರೆ ಕಡೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಗೋಲಿಗೆ ಹೊಡೆಸುತ್ತಾರೆ. ತನ್ನ ಸರದಿ ಬರುವವರೆಗೆ ಹುಡುಗ ಸುಮ್ಮನೆ ನಿಂತಿರುತ್ತಾನೆ. ಇಲ್ಲಿ ಆರು ಮಕ್ಕಳು ಸುತ್ತಲೂ ನಿಂತು ಚೆಂಡನ್ನು ತಮ್ಮತಮ್ಮಲ್ಲೇ ಪಾಸ್ ಮಾಡುತ್ತಾರೆ, ಇಬ್ಬರು ನಡುವೆ ನಿಂತು ಅದನ್ನು ಕಸಿಯಲು ಓಡಾಡುತ್ತಾರೆ, ಮತ್ತು ಸುತ್ತಲಿನವರು ಯಾರೂ ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಇದಾದ ಮೇಲೆ ನಡೆಯುವ ಇನ್ನೊಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಚೆಂಡು ಪಡೆಯಬೇಕಾದ ಹುಡುಗನ ಬೆನ್ನ ಹಿಂದೆ ತರಬೇತುದಾರರು ನಿಂತು ಕೆಂಪು ಇಲ್ಲವೇ ಹಳದಿ ಕೋನ್ ಒಂದನ್ನು ಎತ್ತಿ ಹಿಡಿಯುತ್ತಾರೆ. ಚೆಂಡು ಕಾಲಿಗೆ ಬರುವ ಮೊದಲೇ ಅವನು ಹೆಗಲ ಮೇಲಿಂದ ಹಿಂತಿರುಗಿ ನೋಡಿ, ಅದರ ಬಣ್ಣವನ್ನು ಕೂಗಿ ಹೇಳಿ, ಕೆಂಪಾದರೆ ಬಂದ ಕಡೆಗೇ ಪಾಸ್ ಕೊಡಬೇಕು, ಹಳದಿಯಾದರೆ ಮೈ ತಿರುಗಿಸಿ ಮುಂದಕ್ಕೆ ಹೋಗಬೇಕು. "ಹಿಂದ ನೋಡೋ ತಮ್ಮಾ, ಚೆಂಡು ಬರೂದಕ್ಕಿಂತ ಮೊದ್ಲ ನೋಡು" ಎಂದು ಅವರು ಬೆಳಗಿನುದ್ದಕ್ಕೂ ಹೇಳುತ್ತಲೇ ಇರುತ್ತಾರೆ. ಕೆಲವು ತಿಂಗಳ ನಂತರ ನನ್ನ ಮಗ ಓಣಿಯಲ್ಲಿ ಆಡುವಾಗಲೂ ಹಾಗೆಯೇ ಕತ್ತು ಹೊರಳಿಸುವುದನ್ನು ನೋಡಿದಾಗ, ಕೊಟ್ಟ ಶುಲ್ಕ ಸಾರ್ಥಕವಾಯಿತೆಂದು ನನಗೆ ಸಂತೋಷವಾಯಿತು.

ಮಿಡ್‌ಫೀಲ್ಡರ್‌ನ ಬದುಕೆಲ್ಲ ಈ ನೋಟದ ಮೇಲೆ ನಿಂತಿದೆ. ಮುಂಚೂಣಿಯಲ್ಲಿ ಆಡಿ ಗೋಲು ಹೊಡೆಯುವ ಫಾರ್ವರ್ಡ್‌ಗೆ ಎದುರಾಳಿಗಳು ಬಹುಮಟ್ಟಿಗೆ ಮುಂದೆ ಇರುತ್ತಾರೆ; ನಡುವಿನಲ್ಲಿ ಆಡುವವನಿಗೆ ನಾಲ್ಕೂ ದಿಕ್ಕಿನಿಂದ ಬರುತ್ತಾರೆ. ಸ್ಪೇನಿನ ಮಿಡ್‌ಫೀಲ್ಡರ್ ಶಾವಿ ಹೆರ್ನಾಂಡೆಜ್ ಅವರ ಎತ್ತರ ಸುಮಾರು 1.70 ಮೀಟರ್. ಅವರಿಗೆ ಅಂಥ ವೇಗವೂ ಇರಲಿಲ್ಲ. ಆದರೂ 2008ರ ಯುರೋ ಕಪ್ಪಿನ ಶ್ರೇಷ್ಠ ಆಟಗಾರರೆನಿಸಿ, 2010ರ ವಿಶ್ವಕಪ್ ಗೆದ್ದ ತಂಡದ ನಡುವನ್ನು ಆಳಿದರೆಂದರೆ, ಚೆಂಡು ಬರುವ ಮೊದಲೇ ಮೈದಾನವನ್ನು ಓದಿಟ್ಟುಕೊಳ್ಳುವ ಅಭ್ಯಾಸ ಅದಕ್ಕೆ ದೊಡ್ಡ ಕಾರಣ. ಕ್ರೊಯೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೊಡ್ರಿಚ್ ಅವರನ್ನು ಬಾಲ್ಯದಲ್ಲಿ ಮೈಕಟ್ಟು ಸಣ್ಣದೆಂದು ಹೈದುಕ್ ಸ್ಪ್ಲಿಟ್ ಕ್ಲಬ್ ಸೇರಿಸಿಕೊಳ್ಳಲಿಲ್ಲ. ಮುಂದೆ 2018ರಲ್ಲಿ ಅವರು ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದರು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಈ ಕೇಂದ್ರದಲ್ಲಿ ಎತ್ತರ ನೋಡಿ ಮಕ್ಕಳನ್ನು ಆರಿಸುವುದಿಲ್ಲ. ಸಣ್ಣ ಮೈಯ ಮಕ್ಕಳನ್ನು ಬದಿಗೆ ಸರಿಸದೆ ಮೈದಾನದ ನಡುವೆಯೇ ಆಡಿಸುತ್ತಾರೆ. ಹೆಣ್ಣುಮಕ್ಕಳು ಸಹ ಅದೇ ಗುಂಪಿನಲ್ಲಿ ಅಭ್ಯಾಸ ಮಾಡುತ್ತಾರೆ.

ನನ್ನ ಆಕ್ಷೇಪವಿರುವುದು ಕೇಂದ್ರದ ಕರಪತ್ರದ ಬಗ್ಗೆ. "ನಿಮ್ಮ ಮಗುವನ್ನು ವೃತ್ತಿಪರ ಆಟಗಾರನನ್ನಾಗಿ ಮಾಡುತ್ತೇವೆ" ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ವೃತ್ತಿಪರ ಮಿಡ್‌ಫೀಲ್ಡರ್ ಆಗುವ ದಾರಿ ಎಷ್ಟು ಉದ್ದದ್ದು ಎಂಬುದಕ್ಕೆ ನಮ್ಮ ರಾಜ್ಯದವರೇ ಆದ ಕಾರ್ಲ್‌ಟನ್ ಚಾಪ್‌ಮನ್ ಅವರ ಆಟದ ಬದುಕನ್ನು ನೋಡಬೇಕು. ಬೆಂಗಳೂರಿನಲ್ಲಿ ಆಡಿ ಬೆಳೆದ ಅವರು 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿದಾಗ ಮಿಡ್‌ಫೀಲ್ಡರ್ ಆಗಿದ್ದೂ ಮೂರು ಗೋಲು ಹೊಡೆದರು. ಅನಂತರ ಪಂಜಾಬಿನ ಜೆಸಿಟಿ ತಂಡದಲ್ಲಿ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಅವರೊಂದಿಗೆ ಆಡಿ, 1996–97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ತಂಡದಲ್ಲಿದ್ದರು. ಭಾರತ ತಂಡದ ನಾಯಕರಾದರು. ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿ, 2001ರಲ್ಲಿ ಅವರ ನಾಯಕತ್ವದಲ್ಲಿ ಆ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. ಆಟ ಬಿಟ್ಟ ಮೇಲೆ ಮಕ್ಕಳಿಗೆ ಕಲಿಸುವ ಕೆಲಸ ಹಿಡಿದ ಅವರು 2020ರ ಅಕ್ಟೋಬರ್ 12ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕರ್ನಾಟಕದ ಫುಟ್‌ಬಾಲಿಗೆ ಅದು ದೊಡ್ಡ ನಷ್ಟ.

ರಾಜಧಾನಿಯಲ್ಲಿಯೇ ಬೆಳೆದ ಅವರು ಕೂಡ ಅಂದು ಬಿಹಾರಕ್ಕೆ ಸೇರಿದ್ದ ಜಮ್‌ಶೆಡ್‌ಪುರಕ್ಕೆ, ಬಂಗಾಳಕ್ಕೆ, ಪಂಜಾಬಿಗೆ ಹೋಗಿ ಆಡಬೇಕಾಯಿತು. ಕಲಬುರಗಿಯ ಹುಡುಗನಿಗೆ ಬೆಂಗಳೂರೇ ಒಂದು ರಾತ್ರಿಯ ರೈಲು ಪ್ರಯಾಣ. ಕೇಂದ್ರದ ತರಬೇತಿ ಹದಿನೈದನೆಯ ವಯಸ್ಸಿಗೆ ಮುಗಿಯುತ್ತದೆ. ಮುಂದೆ ಯಾವ ಆಯ್ಕೆ ಶಿಬಿರಕ್ಕೆ ಹೋಗಬೇಕು, ವಯಸ್ಸಿನ ದಾಖಲೆಗಳನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು, ಹಾಸ್ಟೆಲ್ ಇರುವ ಅಕಾಡೆಮಿಗಳು ಯಾವುವು ಎಂದು ಕೇಳಿದರೆ ಕಚೇರಿಯಲ್ಲಿ ಕೂರುವವರಿಂದ ಸ್ಪಷ್ಟ ಉತ್ತರ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಪಂದ್ಯಗಳದ್ದು. ತಮ್ಮತಮ್ಮಲ್ಲೇ ಎರಡು ತಂಡ ಮಾಡಿಕೊಂಡು ಆಡುವುದನ್ನು ಬಿಟ್ಟರೆ ಮಕ್ಕಳಿಗೆ ಹೊರಗಿನ ತಂಡದೊಂದಿಗೆ ಆಡುವ ಅವಕಾಶ ಅಪರೂಪ. ಬೀದರಿನಿಂದಲೋ ಯಾದಗಿರಿಯಿಂದಲೋ ಒಂದು ತಂಡವನ್ನು ಕರೆಸಿ ತಿಂಗಳಿಗೊಂದು ಪಂದ್ಯ ಆಡಿಸುವುದು ಆಗದ ಕೆಲಸವೇನಲ್ಲ, ಮತ್ತು ಅದಕ್ಕೆ ತಗಲುವ ಖರ್ಚನ್ನು ಹಂಚಿಕೊಳ್ಳಲು ನಮ್ಮಂಥ ಪಾಲಕರು ಸಿದ್ಧರಿದ್ದೇವೆ. ಅಪರಿಚಿತರು ಮೈಮೇಲೆ ಬಿದ್ದು ಆಡುವಾಗ ಹೆಗಲ ಹಿಂದೆ ನೋಡುವ ಅಭ್ಯಾಸ ಉಳಿಯುತ್ತದೋ ಇಲ್ಲವೋ ಎಂಬುದು ಪಂದ್ಯದಲ್ಲಿ ಮಾತ್ರ ತಿಳಿಯುತ್ತದೆ.

ಮೈದಾನ ಸಾಧಾರಣವಾಗಿದೆ. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುವುದರಿಂದ ಚೆಂಡು ಬೇಕಾಬಿಟ್ಟಿ ಪುಟಿಯುತ್ತದೆ, ಮಳೆಗಾಲದಲ್ಲಿ ಬೂಟಿನ ಅಡಿಗೆ ಅಂಟಿ ಕಾಲು ಎತ್ತುವುದೇ ಕಷ್ಟವಾಗುತ್ತದೆ. ಕೇಂದ್ರದವರು ಒಂದು ಭಾಗಕ್ಕೆ ಮರಳು ಬೆರೆಸಿ ಸಮ ಮಾಡಿದ್ದಾರೆ, ಉಳಿದದ್ದು ಹಾಗೆಯೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ತರಬೇತಿಯನ್ನು ನಸುಕಿಗೇ ಆರಂಭಿಸಿ ಬಿಸಿಲೇರುವ ಮೊದಲು ಮುಗಿಸುತ್ತಾರೆ. ನೀರಿನ ವ್ಯವಸ್ಥೆ ಚೆನ್ನಾಗಿದೆ, ಶೌಚಾಲಯ ಸ್ವಚ್ಛವಾಗಿಲ್ಲ. ಚಿಕ್ಕ ಮಕ್ಕಳಿಗೆ 4ನೆಯ ಅಳತೆಯ, ದೊಡ್ಡವರಿಗೆ 5ನೆಯ ಅಳತೆಯ ಚೆಂಡು ಕೊಡುವ ಶಿಸ್ತನ್ನು ತಪ್ಪದೆ ಪಾಲಿಸುತ್ತಾರೆ. ಶುಲ್ಕ ಮಧ್ಯಮ ವರ್ಗದ ಮನೆಗೆ ಭಾರವೆನಿಸುವಷ್ಟಿಲ್ಲ, ಕೇಳಿದರೆ ರಸೀದಿ ಕೊಡುತ್ತಾರೆ.

ಎಂಟರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಇಲ್ಲಿಗೆ ನಿಸ್ಸಂಕೋಚವಾಗಿ ಕಳುಹಿಸಬಹುದು. ಹದಿನಾಲ್ಕು ದಾಟಿದ, ಆಟವನ್ನೇ ವೃತ್ತಿ ಮಾಡಿಕೊಳ್ಳಬೇಕೆಂಬ ಮಗುವಿದ್ದರೆ, ಇಲ್ಲಿಯ ತರಬೇತಿಯ ಜೊತೆಗೆ ಹೊರಗಿನ ಆಯ್ಕೆ ಶಿಬಿರಗಳ ಮಾಹಿತಿಯನ್ನು ನೀವೇ ಕಲೆಹಾಕಿಕೊಳ್ಳಬೇಕಾಗುತ್ತದೆ. ಸೇರಿಸುವ ಮೊದಲು ಉದ್ದ ಸ್ಟಡ್‌ಗಳ (ಅಡಿಯಲ್ಲಿರುವ ಮೊಳೆಯಂಥ ಗುಬುಟುಗಳ) ಬೂಟು ಕೊಳ್ಳಬೇಡಿ. ಅವು ಹುಲ್ಲಿನ ಮೈದಾನಕ್ಕೆ ಮಾಡಿದವು, ಈ ಗಟ್ಟಿ ನೆಲದಲ್ಲಿ ಪಾದ ಹೊರಳುವ ಅಪಾಯವಿದೆ. ಗಿಡ್ಡ ರಬ್ಬರ್ ಸ್ಟಡ್‌ಗಳಿರುವ ಬೂಟು ಸಾಕು, ಅದನ್ನೂ ಮೊದಲ ವಾರ ತರಬೇತುದಾರರಿಗೆ ತೋರಿಸಿಯೇ ತೆಗೆದುಕೊಳ್ಳುವುದು ಒಳ್ಳೆಯದು.