ಫೈಬ್ರಾಯ್ಡ್: ಗಡ್ಡೆ ಮಾತ್ರವೋ, ಗರ್ಭಕೋಶವನ್ನೇ ತೆಗೆಸುವುದೋ?

ಅಮೆರಿಕದಲ್ಲಿರುವ ಗೆಳತಿ ತನ್ನ ಆಫೀಸಿನ ಕಪ್ಪು ಹೆಣ್ಣುಮಗಳೊಬ್ಬಳಿಗಾಗಿ ಈ ಪ್ರಶ್ನೆ ಕೇಳಿದ್ದಾಳೆ. ಆಕೆಗೆ 36 ವರ್ಷ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಮುಟ್ಟಾದಾಗ ಗಂಟೆಗೊಂದು ಪ್ಯಾಡ್ ತೊಯ್ದುಹೋಗುತ್ತದೆ.

ಮುಂದೆ ಮಗು ಬೇಕು ಅಂದರೆ ಗಡ್ಡೆಯನ್ನಷ್ಟೇ ತೆಗೆಸುವುದು ಒಳ್ಳೆಯದು. ಆದರೆ ಅದು ಮತ್ತೆ ಬೆಳೆಯಬಹುದು. ಗರ್ಭಕೋಶವನ್ನೇ ತೆಗೆಸಿದರೆ ಆ ಕಾಟ ಮುಗಿಯಿತು, ಬಸಿರಾಗುವ ದಾರಿಯೂ ಮುಚ್ಚಿತು. ಮಕ್ಕಳು ಸಾಕು ಅನ್ನುವವರಿಗೆ ಇದು ಹೊಂದುತ್ತದೆ.

ಸುಧಾರಿಸಿಕೊಳ್ಳಲು ಹೊಟ್ಟೆ ಕೊಯ್ದರೆ ಸುಮಾರು 6 ವಾರ ಬೇಕು, ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಗೆ 2ರಿಂದ 4 ವಾರ. ನನಗೆ ಸಂಕಟವಾಗುವುದು ಇಲ್ಲೇ. ಅಲ್ಲಿ ಬಿಳಿಯರಿಗಿಂತ ಕಪ್ಪು ಮಹಿಳೆಯರಿಗೆ ಹೊಟ್ಟೆ ಕೊಯ್ಯುವ ಆಪರೇಷನ್ನೇ ಜಾಸ್ತಿ. ಅವರಿಗೆ ಗಡ್ಡೆ ಚಿಕ್ಕ ವಯಸ್ಸಿಗೇ ಬರುತ್ತದೆ, ದೊಡ್ಡದಾಗಿಯೂ ಇರುತ್ತದೆ, ನಿಜ. ಆದರೆ ಗಾತ್ರ, ಇನ್ಶೂರೆನ್ಸ್ ಎಲ್ಲ ಲೆಕ್ಕ ಹಾಕಿ ನೋಡಿದ ಅಧ್ಯಯನಗಳಲ್ಲೂ ಅಂತರ ಉಳಿದಿದೆ. ಇದನ್ನು ಸುಮ್ನೆ ದೇಹದ ಗುಣ ಅನ್ನಲಾಗದು, ಅಲ್ವಾ?

ಗಡ್ಡೆ ತುಂಬ ದೊಡ್ಡದಿದ್ದರೆ, ಹಲವಾರು ಇದ್ದರೆ, ಹೊಟ್ಟೆ ಕೊಯ್ಯುವುದೇ ಸುರಕ್ಷಿತ ಇರಬಹುದು. ಹಾಗಿಲ್ಲದಿದ್ದರೆ ಆಕೆ ನೇರವಾಗಿ ಕೇಳಲಿ: "ಡಾಕ್ಟ್ರೇ, ನನಗೆ ಲ್ಯಾಪರೋಸ್ಕೋಪಿ ಯಾಕೆ ಆಗಲ್ಲ?" ಸರಿಯಾದ ಕಾರಣ ಸಿಗದಿದ್ದರೆ, ಲ್ಯಾಪರೋಸ್ಕೋಪಿಯಲ್ಲಿ ಕೈ ಪಳಗಿದ ಇನ್ನೊಬ್ಬ ಸರ್ಜನ್‌ಗೆ ಸ್ಕ್ಯಾನ್ ತೋರಿಸಲಿ.